ಸಾಲಿಗೆ ಸಾಲೇ ಎದ್ದ ದಿನ

ನಮ್ಮಕ್ಕನ ಗುಂಪು ಸಾಲು ಬಿಡುವುದಿಲ್ಲ ಎಂಬ ಮಾತು ಸುರಪುರದಿಂದ ಹುಣಸಗಿಯ ತನಕ ನಡೆಯುತ್ತಿತ್ತು. ಭತ್ತದ ಸಸಿ ಹಚ್ಚಲು ಬೆಳಿಗ್ಗೆ ಗದ್ದೆಗೆ ಇಳಿದರೆಂದರೆ ಮುಗಿಯಿತು. ಮಧ್ಯಾಹ್ನ ಬುತ್ತಿ ಬಿಚ್ಚುವ ತನಕ ಒಬ್ಬಳೂ ಬೆನ್ನು ನೆಟ್ಟಗೆ ಮಾಡುವುದಿಲ್ಲ, ಒಬ್ಬಳೂ ಬದುವಿಗೆ ಹತ್ತುವುದಿಲ್ಲ. ನಾಟಿಯ ದಿನಗಳು ಹತ್ತಿರ ಬಂದಾಗ ಹೊಲದ ಧಣಿಗಳು ನಮ್ಮ ಮನೆಯ ಕಟ್ಟೆಗೆ ಬಂದು ಕೂತು, ‘ಯವ್ವಾ, ಮೊದಲ ನಮ್ಮ ಹೊಲಕ್ಕ ಬರ್ರಿ’ ಎಂದು ಗೋಗರೆಯುತ್ತಿದ್ದರು. ಆಗ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿಲ ಚೌಕಟ್ಟಿಗೆ ಒರಗಿ ‘ನೋಡೂಣ್ರಿ’ ಎನ್ನುತ್ತಿದ್ದ ಠೀವಿ ಇದೆಯಲ್ಲ, ಅದನ್ನು ನೀವು ನೋಡಬೇಕಿತ್ತು.

ಆ ಠೀವಿಯೇ ಅವಳ ಮೂತ್ರಪಿಂಡಗಳನ್ನು ತಿನ್ನುತ್ತಿತ್ತು ಎಂದು ಆಗ ನಮಗೆ ಗೊತ್ತಿರಲಿಲ್ಲ.

ನಾನು ಅದೇ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅವ್ವ ಅಪ್ಪ ಇಬ್ಬರೂ ಬೇಗ ಹೋಗಿದ್ದರಿಂದ ನನ್ನನ್ನು ಸಾಕಿದವಳು, ಓದಿಸಿದವಳು, ನೌಕರಿಗೆ ಕಳಿಸಿದವಳು ಈ ಅಕ್ಕನೇ. ಮಾವ, ಅಂದರೆ ಅಕ್ಕನ ಗಂಡ, ಹುಣಸಗಿಯ ಅಕ್ಕಿ ಗಿರಣಿಯಲ್ಲಿ ದುಡಿಯುತ್ತ ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಉಳಿದ ದಿನ ಮನೆಯಲ್ಲಿ ನಾವಿಬ್ಬರೇ. ಅವಳು ಬಾಯಿಬಡಕಿ, ನಾನು ಸಿಡುಕಿ. ಬೇಸರ ಎಂಬುದು ನಮ್ಮ ಮನೆಯ ಹತ್ತಿರ ಸುಳಿದದ್ದಿಲ್ಲ.

ಕೆನಾಲು ಬರುವ ಮೊದಲು ನಮ್ಮ ಕಡೆ ಬೆಳೆಯೆಂದರೆ ಜೋಳ, ಸಜ್ಜೆ, ತೊಗರಿ. ಜೋಳ ಆಳೆತ್ತರ ನಿಲ್ಲುತ್ತಿತ್ತು. ಕಳೆ ಕೀಳುವ ಹೆಂಗಸಿಗೆ ಅವಸರವಾದರೆ ಜೋಳದೊಳಗೆ ಹೊಕ್ಕು ಬಂದರಾಯಿತು, ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ಕೆನಾಲಿಗೆ ನೀರು ಬಿಟ್ಟರು, ಊರು ಹಸಿರಾಯಿತು, ಎರಡು ಹೊತ್ತು ಅನ್ನ ಕಂಡೆವು; ಇಲ್ಲವೆನ್ನುವುದಿಲ್ಲ. ಆದರೆ ಭತ್ತ ಮೊಳಕಾಲಿನ ಮೇಲೆ ಬರಲು ತಿಂಗಳುಗಳು ಬೇಕು. ಕಣ್ಣು ಹಾಯುವಷ್ಟು ದೂರ ನೀರು ನಿಂತ ಮಟ್ಟಸ ಗದ್ದೆ. ಪಕ್ಕದಲ್ಲಿ ಕೆನಾಲಿನ ಏರಿ, ಏರಿಯ ಮೇಲೆ ಸೈಕಲ್ಲು, ಟ್ರ್ಯಾಕ್ಟರು, ಬೀಡಿ ಸೇದುತ್ತ ಕೂತ ಗಂಡಸರು. ಬದುವಿನಲ್ಲಿದ್ದ ಜಾಲಿ, ಬೇವುಗಳನ್ನೆಲ್ಲ ನೆಲ ಮಟ್ಟ ಮಾಡುವಾಗಲೇ ಕಿತ್ತು ಒಗೆದಿದ್ದರು. ಯಾವ ಹೊಲಕ್ಕೆ ಯಾವಾಗ ಎಷ್ಟು ನೀರು ಎಂದು ಯೋಚಿಸಿದ ದೊಡ್ಡ ದೊಡ್ಡ ತಲೆಗಳಿಗೆ, ಆ ಹೊಲದಲ್ಲಿ ದುಡಿಯುವ ಹೆಂಗಸು ಎಲ್ಲಿ ಕೂರಬೇಕು ಎಂದು ಹೊಳೆಯಲಿಲ್ಲ. ಅವರೇನು ಯಾವತ್ತಾದರೂ ಸೀರೆ ಉಟ್ಟು ಗದ್ದೆಗೆ ಇಳಿದವರೇ?

ಹೆಂಗಸರು ತಾವೇ ಒಂದು ಉಪಾಯ ಕಂಡುಕೊಂಡರು. ನೀರು ಕುಡಿಯುವುದನ್ನೇ ಬಿಟ್ಟರು. ನಸುಕಿನಲ್ಲಿ ಅರ್ಧ ಕಪ್ಪು ಚಹಾ ಕುಡಿದರೆ ಮತ್ತೆ ಮನೆಗೆ ಬರುವ ತನಕ ಗಂಟಲಿಗೆ ಹನಿ ಇಲ್ಲ. ಬಾಯಿ ಒಣಗಬಾರದೆಂದು ದವಡೆಗೆ ಎಲೆ, ಅಡಿಕೆ, ತಂಬಾಕು. ಹೊಸದಾಗಿ ಸೇರಿದವಳು ಯಾರಾದರೂ ನೀರಿನ ಕೊಡದ ಕಡೆ ನೋಡಿದರೆ ಸಾಕು, ‘ಏ, ಈಕಿ ಕೆನಾಲಿನ ಗೇಟು ತೆಗ್ಯಾಕ ಹೊಂಟಾಳ ನೋಡ್ರೇ!’ ಎಂದು ಎಲ್ಲರೂ ಹೋ ಎಂದು ನಗುತ್ತಿದ್ದರು. ಮೊಳಕಾಲುದ್ದ ನೀರಿನಲ್ಲಿ ನಿಂತು ನೀರಡಿಸಿ ದುಡಿಯುವುದು ಗಟ್ಟಿ ಹೆಂಗಸಿನ ಲಕ್ಷಣ ಎಂದೇ ಅವರ ಎಣಿಕೆ. ಅವರ ಮುಂದಾಳು ನಮ್ಮಕ್ಕ.

ನಾನು ಬೈಯದ ದಿನವಿಲ್ಲ. ‘ಯಕ್ಕಾ, ಹಿಂಗ ಕಟ್ಟಿ ಹಿಡೀಬಾರದು, ರೋಗ ಬರತದ’ ಎನ್ನುತ್ತಿದ್ದೆ.

‘ನೀ ಸಾಲ್ಯಾಗ ಎಷ್ಟ್ ಸಲ ಹೋಗತೀ ಹೇಳು?’ ಎಂದು ಅವಳು ಒಂದೇ ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸುತ್ತಿದ್ದಳು. ನಮ್ಮ ಶಾಲೆಯಲ್ಲಿಯೂ ಹೆಣ್ಣುಮಕ್ಕಳಿಗೆ ಮೂತ್ರಕ್ಕೆ ಹೋಗಲು ಜಾಗವಿರಲಿಲ್ಲ. ಕಪ್ಪು ಹಲಗೆಯ ಮೇಲೆ ಮೂತ್ರಪಿಂಡದ ಚಿತ್ರ ಬರೆದು, ದಿನಕ್ಕೆ ಇಷ್ಟು ನೀರು ಕುಡಿಯಿರಿ ಮಕ್ಕಳೇ ಎಂದು ಹೇಳಿ, ಸಂಜೆ ಗಂಟೆ ಹೊಡೆದ ಕೂಡಲೇ ಮನೆಗೆ ಓಡುತ್ತಿದ್ದವಳು ನಾನೇ. ಇನ್ನೇನು ಹೇಳಲಿ?

ಆ ವರ್ಷ ಮಳೆಗಾಲದ ನಾಟಿಯಲ್ಲಿ ಅಕ್ಕ ಗದ್ದೆಯಲ್ಲೇ ಕುಸಿದಳು. ಮಟಮಟ ಮಧ್ಯಾಹ್ನದಲ್ಲಿ ಗಡಗಡ ನಡುಗುತ್ತಿದ್ದಳಂತೆ. ಜೊತೆಯವರು ಎತ್ತಿಕೊಂಡು ಮನೆಗೆ ತಂದಾಗ ಮೈ ಕೆಂಡ. ಬಲಗಡೆ ಬೆನ್ನು ಮುಟ್ಟಿದರೆ ಚೀರುತ್ತಿದ್ದಳು. ಕಾಲಿಗೆ ಕುಡುಗೋಲು ಬಡಿದಾಗಲೂ ತುಟಿಪಿಟಕ್ಕೆನ್ನದ ಹೆಂಗಸು ಅವಳು. ಸಿಕ್ಕ ಟೆಂಪೋ ಹಿಡಿದು ಶಹಾಪುರದ ದವಾಖಾನೆಗೆ ಕರೆದೊಯ್ದೆ.

ಅಲ್ಲಿ ಮೂತ್ರ ಪರೀಕ್ಷೆಗೆಂದು ಒಂದು ಸಣ್ಣ ಶೀಶೆ ಕೊಟ್ಟರು. ಅಕ್ಕ ಅದನ್ನು ತುಂಬಿಸಲು ಪಟ್ಟ ಪಾಡು ಹೇಳಲಾರೆ. ಬಂದದ್ದು ತಳ ಮುಚ್ಚುವಷ್ಟು, ಕರಿ ಚಹಾದ ಬಣ್ಣದ್ದು. ಅದನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು, ಜ್ವರದ ಮೈಯಲ್ಲೂ ತಲೆ ತಗ್ಗಿಸಿ, ಬೆಂಚಿನ ಮೇಲೆ ಕೂತ ಗಂಡಸರ ಮುಂದಿನಿಂದ ಗೋಡೆಗೆ ಅಂಟಿಕೊಂಡು ನಡೆದಳು. ಕಳುವಿನ ಮಾಲು ಒಯ್ಯುವವಳ ಹಾಗೆ.

ಡಾಕ್ಟರಮ್ಮ ಖಡಕ್ ಹೆಂಗಸು. ದಕ್ಷಿಣದ ಕಡೆಯವರಿರಬೇಕು, ಮಾತು ಕತ್ತರಿಸಿದಂತಿತ್ತು. ‘ಸೋಂಕು ಮೂತ್ರಚೀಲದಿಂದ ಮೇಲೇರಿ ಕಿಡ್ನಿಗೆ ಹೋಗಿದೆ. ಇದು ಮೊದಲ ಸಲ ಅಲ್ಲ ಅನ್ನಿಸ್ತದೆ. ಹಿಂದೆಯೂ ಜ್ವರ ಬಂದಿತ್ತಲ್ಲ?’ ಎಂದು ಕೇಳಿದರು.

‘ನಾಟಿ ಜ್ವರ ಅಂತ ಎಲ್ಲಾರಿಗೂ ಬರತದ್ರಿ’ ಎಂದಳು ಅಕ್ಕ.

‘ನಾಟಿ ಜ್ವರ ಅಂತ ಯಾವ ಜ್ವರವೂ ಇಲ್ಲಮ್ಮ. ನೀರು ಕುಡಿಯದೆ, ಕಟ್ಟಿ ಹಿಡಿದು ಬರುವ ಜ್ವರ ಇದು. ಬಲಗಡೆಯ ಕಿಡ್ನಿಗೆ ಪೆಟ್ಟು ಬಿದ್ದಿದೆ. ಹೀಗೇ ಮಾಡ್ತಾ ಹೋದ್ರೆ ಎರಡೂ ಹೋಗ್ತವೆ. ಆಮೇಲೆ ನನ್ನ ಹತ್ರ ಬಂದು ಏನೂ ಉಪಯೋಗ ಇಲ್ಲ.’

ಸೂಜಿ, ಸಲಾಯಿನ್ ಎಲ್ಲ ಆಗಿ ಜ್ವರ ಇಳಿಯಿತು. ಮಾತ್ರೆ ಮುಗಿಯುವ ತನಕ, ಆಮೇಲೂ ಸ್ವಲ್ಪ ದಿನ ಗದ್ದೆಗೆ ಇಳಿಯಬಾರದೆಂದು ಹೇಳಿ ಕಳಿಸಿದರು. ಬಸ್ಸಿನಲ್ಲಿ ಅಕ್ಕ ಕಿಟಕಿಯಾಚೆ ನೋಡುತ್ತ, ‘ಚಳಿಗಾಲದ ನಾಟಿಗಿ ಇಳದ ಇಳೀತೀನಿ. ಏನರ ಆಗಲಿ’ ಎಂದಳು. ನನಗೆ ಮೈಯೆಲ್ಲ ಉರಿದು ಹೋಯಿತು.

ಮಾನೌಮಿ, ಅಂದರೆ ಮಹಾನವಮಿ, ಬಂತು. ನಮ್ಮ ಕಡೆ ಮಾನೌಮಿಗೆ ಮನೆ ಬರಿದು ಮಾಡುವುದೆಂದರೆ ನಿಜವಾಗಿ ಬರಿದು ಮಾಡುವುದು. ಪಾತ್ರೆ, ಕೌದಿ, ಡಬ್ಬಿ, ಒನಕೆ, ದೇವರ ಪಟ ಎಲ್ಲ ಅಂಗಳಕ್ಕೆ. ಗೋಡೆಗೆ ಸುಣ್ಣ, ನೆಲಕ್ಕೆ ಸಗಣಿ. ಕೌದಿಗಳನ್ನು ಕೆನಾಲಿಗೆ ಒಯ್ದು ಒಗೆದು, ಪಾತ್ರೆ ತಿಕ್ಕಿ, ಬೇಕಾದದ್ದನ್ನು ಒಳಗೆ ಹೊಂದಿಸಿಡುವುದು. ಒಡಕು, ಮುರುಕು, ಹರಕು ಅಂಗಳದಲ್ಲೇ ಉಳಿದು ತಿಪ್ಪೆಗೆ ಹೋಗುವುದು. ಆ ವರ್ಷ ಅಕ್ಕನನ್ನು ಕಟ್ಟೆಯ ಮೇಲೆ ಕೂರಿಸಿ ನಾನೊಬ್ಬಳೇ ದುಡಿಯುತ್ತಿದ್ದೆ. ಅವಳಿಗೆ ಕೂರಲು ಬಾರದು. ‘ಆ ಡಬ್ಬಿ ಹಂಗ ಒಗೀಬ್ಯಾಡ, ಈ ಚರಗಿ ಸರಿಯಾಗಿ ತಿಕ್ಕು’ ಎಂದು ಪ್ರಾಣ ಹಿಂಡುತ್ತಿದ್ದಳು. ಕೊನೆಗೆ ಬೇಸತ್ತು, ‘ತಂಗೀ, ಆ ಡಾಕ್ಟರವ್ವ ಕಿಡ್ನಿ ಕಿಡ್ನಿ ಅಂದಳಲ್ಲ, ಕುರಿ ಹೊಟ್ಟ್ಯಾಗಿನ ಗುರ್ದಾ ಅದಲ್ಲೇನು? ಅದು ಒಳಗ ಏನ್ ಮಾಡತದ? ನೀ ಹುಡುಗರಿಗಿ ಹೇಳತೀಯಲ್ಲ, ನಂಗೂ ಹೇಳು’ ಎಂದಳು.

ನಾನು ಕೈಯಲ್ಲಿದ್ದ ಕೊಳಗವನ್ನು ಕೆಳಗಿಟ್ಟೆ. ಪಾಠದ ಪುಸ್ತಕದ ಮಾತು ಬಾಯಿಗೆ ಬರಲಿಲ್ಲ. ಎದುರಿಗೆ ಅಂಗಳವೆಲ್ಲ ಸಾಮಾನು ಬಿದ್ದಿತ್ತು.

‘ಇದನ್ನ ಮಾಡತದ ನೋಡು, ಈಗ ನಾ ಮಾಡಾಕತ್ತೇನಲ್ಲ, ಇದನ್ನ’ ಎಂದೆ. ‘ರಕ್ತದಾಗಿನ ಹೊಲಸು ಹೆಕ್ಕಿ ಹೆಕ್ಕಿ ಒಗೀತದ ಅಂತ ಎಲ್ಲಾರೂ ತಿಳಕೊಂಡಾರ. ಹಂಗಲ್ಲ. ಮೊದಲ ಎಲ್ಲಾ ಹೊರಗ ಹಾಕತದ. ಗುರ್ದಾದಾಗ ಕೂದಲಿಗಿಂತ ಸಣ್ಣ ನಳಿಗಳ ಗೊಂಚಲ ಇರತಾವ, ಲಕ್ಷಾನುಗಟ್ಟಲೆ. ರಕ್ತ ಅದರೊಳಗ ಜೋರಿಲೆ ನುಗ್ಗತದ. ನೀರು, ಉಪ್ಪು, ಸಕ್ಕರಿ ಎಲ್ಲಾ ಸೋಸಿ ಹೊರಗ ಬೀಳತಾವ.’

‘ರಕ್ತಾನೂ?’

‘ರಕ್ತದಾಗಿನ ಕೆಂಪು ಕಣ, ಮತ್ತ ಮೈಗಿ ಬೇಕಾದ ದಪ್ಪ ದಪ್ಪ ಸಾಮಾನು ಬರಂಗಿಲ್ಲ. ನಮ್ಮ ಸಂದೂಕ ನೋಡು, ಬಾಗಲದಾಗ ಹಿಡಸಂಗಿಲ್ಲ, ಒಳಗ ಉಳದದ. ಹಂಗ.’

ಅಕ್ಕ ಬಾಗಿ ಒಳಗಿನ ಆ ದೊಡ್ಡ ಮರದ ಪೆಟ್ಟಿಗೆಯನ್ನು ನೋಡಿದಳು. ಅದು ನಿಜಕ್ಕೂ ಬಾಗಿಲು ಕೂರಿಸುವ ಮೊದಲೇ ಒಳಗೆ ಬಂದದ್ದು.

‘ಹೊರಗ ಬಿದ್ದ ನೀರು ಉದ್ದನ ನಳಿಗುಂಟ ಹರಕೋತ ಹೋಗತದ. ಹೋಗೋವಾಗ ಮೈ ತನಗ ಬೇಕಾದ್ದು ವಾಪಸ್ ಒಳಗ ತಗೋತದ. ಸಕ್ಕರಿ ಎಲ್ಲಾ ತಗೋತದ. ಉಪ್ಪು ಬೇಕಾದಷ್ಟು ತಗೋತದ. ದಿನಕ್ಕ ಹತ್ತು ಹನ್ನೆರಡು ಕೊಡ ನೀರು ಹಿಂಗ ಸೋಸಿ ಹೊರಗ ಬರತದಕ್ಕಾ. ಅದರಾಗ ಒಂದೆರಡು ಚರಗಿ ಬಿಟ್ಟು ಉಳದದ್ದೆಲ್ಲಾ ಮತ್ತ ರಕ್ತಕ್ಕ ಸೇರತದ. ಬ್ಯಾಡಾದ ಯೂರಿಯಾ, ಹೆಚ್ಚಿನ ಉಪ್ಪು, ಆ ಒಂದೆರಡು ಚರಗಿ ನೀರಿನಾಗ ಕರಗಿ ಕೆಳಗ ಚೀಲಕ್ಕ ಇಳೀತದ. ಅದ ಉಚ್ಚಿ.’

‘ಯೂರಿಯಾ? ಗದ್ದಿಗಿ ಚೆಲ್ಲತೀವಲ್ಲ, ಆ ಯೂರಿಯಾ?’

‘ಹೌದು, ಅದ. ಬ್ಯಾಳಿ, ಮಾಂಸ ತಿಂದದ್ದು ಮೈಯಾಗ ಖರ್ಚಾದ ಮ್ಯಾಲ ಅದು ಉಳೀತದ.’

ಅಕ್ಕ ಹಣೆ ಹಣೆ ಬಡಿದುಕೊಂಡು ನಕ್ಕಳು. ‘ಅಯ್ಯ ನಮ್ಮವ್ವಾ, ಗೊಬ್ಬರದ ಅಂಗಡಿ ಹೊಟ್ಟ್ಯಾಗ ಇಟಗೊಂಡು ಅಡ್ಡಾಡತೀನಿ ಅನ್ನು!’

ನಗು ನಿಂತ ಮೇಲೆ ಅಂಗಳದಲ್ಲಿ ಬಿದ್ದ ಒಡಕು ಸಾಮಾನಿನ ಕಡೆ ನೋಡಿದಳು. ಆಮೇಲೆ ಕೇಳಿದಳು: ‘ನಾ ನೀರ ಕುಡೀಲಿಲ್ಲ ಅಂದ್ರ?’

‘ನೀರು ಕಡಿಮಿ ಅದ ಅಂತ ತಲಿಯಿಂದ ಹುಕುಂ ಬರತದ. ಆ ನಳಿ ಇದ್ದಬಿದ್ದ ನೀರೆಲ್ಲಾ ವಾಪಸ್ ಹೀರತದ. ಹೊಲಸು ಮಾತ್ರ ಗಟ್ಟಿಯಾಗಿ ಉಳೀತದ. ಶೀಶ್ಯಾಗ ಕರಿ ಚಹಾದಂಗ ಇತ್ತಲ್ಲ, ಅದ. ಅದನ್ನೂ ನೀ ಹೊರಗ ಬಿಡಲಾರದ ಹಿಡಕೊಂಡು ಕುಂತ್ರ ಕ್ರಿಮಿ ಬೆಳದು ಮ್ಯಾಲ ಏರತಾವ.’

‘ಅಂದ್ರ ನನ್ನೊಳಗ ದಿನಾ ಮಾನೌಮಿ ನಡದದ. ಅವು ಪಾಪ ಮನಿ ಹಸನ ಮಾಡಿ ಕಸಾ ಬಾಗಲಿಗಿ ತಂದಿಡತಾವ. ನಾ ಬಾಗಲಾ ಹಾಕ್ಕೊಂಡು ಕುಂತೀನಿ.’

‘ಹೂಂ’ ಎಂದೆ. ನನಗೆ ಅಳು ಬಂದಿತ್ತು. ‘ಯಕ್ಕಾ, ನೀ ಒಬ್ಬಾಕಿನ ನಂಗಿರೋದು’ ಎಂದು ಹೇಳಿಯೇ ಬಿಟ್ಟೆ. ಅವಳು ನನ್ನ ತಲೆಗೆ ಮೊಟಕಿ, ‘ಸಾಕು, ಆ ಕೊಳಗಾ ತಿಕ್ಕು’ ಎಂದಳು. ಆಮೇಲೆ ತಾನೇ ಎದ್ದು ಒಂದು ಚರಿಗೆ ನೀರು ಗಟಗಟ ಕುಡಿದಳು.

ಮನೆಯಲ್ಲಿ ಕುಡಿಯುವುದು ಸುಲಭ. ಚಳಿಗಾಲದ ನಾಟಿ ಬಂದಾಗ, ಗದ್ದೆಯಲ್ಲಿ ಅವಳು ಕುಡಿಯುತ್ತಾಳೋ ಇಲ್ಲವೋ ಎಂಬ ಚಿಂತೆ ನನ್ನದು. ರವಿವಾರ ಬಿಡುವಿತ್ತು, ಒಂದು ಕೊಡ ನೀರು ಹೊತ್ತು ನಾನೂ ಗದ್ದೆಗೆ ಹೋದೆ. ಬಿಸಿಲೇರಿತ್ತು. ಹೆಂಗಸರು ಸಾಲಾಗಿ ಬಾಗಿ ಸಸಿ ಹಚ್ಚುತ್ತಿದ್ದರು. ಹೊಲದ ಧಣಿ ಬದುವಿನ ಮೇಲೆ ಕೊಡೆ ಹಿಡಿದು ಕೂತಿದ್ದರು. ಕೆಟ್ಟ ಮನುಷ್ಯನಲ್ಲ, ವಿಭೂತಿ ಹಚ್ಚಿದ ಹಣೆ, ಮೆತ್ತಗಿನ ಮಾತು. ಕೆನಾಲಿನ ನೀರಿನ ಪಾಳಿ ಮರುದಿನ ಮುಗಿಯುವುದಿತ್ತು, ಅಷ್ಟರೊಳಗೆ ನಾಟಿ ಮುಗಿಯಬೇಕೆಂಬ ಅವಸರ ಮುಖದಲ್ಲಿತ್ತು.

ಅಕ್ಕ ಬೆನ್ನು ನೆಟ್ಟಗೆ ಮಾಡಿ ನಿಂತಳು. ‘ಏಳ್ರೇ ಎಲ್ಲಾರೂ. ನೀರ ಕುಡ್ಯೂಣು, ಕಾಲ್ಮಡಿದು ಬರೂಣು.’

ಒಬ್ಬಳೂ ಏಳಲಿಲ್ಲ. ಧಣಿಯ ಮುಂದೆ ಇಂಥ ಮಾತೇ? ತಲೆಗಳು ಇನ್ನಷ್ಟು ಬಾಗಿದವು. ಒಬ್ಬಾಕೆ ಬಾಗಿದಲ್ಲಿಂದಲೇ ‘ಸಾಲು ಬಿಡಬಾರದು ಅಂತ ನೀನ ಹೇಳತಿದ್ದೆಲ್ಲ’ ಎಂದು ಗೊಣಗಿದಳು.

‘ಹೌದು, ಸಾಲು ಬಿಡಬಾರದು. ಅದಕ್ಕ ಸಾಲಿಗಿ ಸಾಲೇ ಏಳ್ರಿ ಅಂದೆ’ ಎಂದಳು ಅಕ್ಕ.

ಸಾಲಿನ ಕೊನೆಯಲ್ಲಿದ್ದ ಮುದುಕಿ ಕೈಯಲ್ಲಿದ್ದ ಸಸಿಯ ಕಟ್ಟನ್ನು ನೀರಿಗೆ ಒಗೆದಳು. ‘ನಡೀರೇ, ನಂದಂತೂ ಹೊತ್ತು ಹೊಂಟಾಗಿಂದ ಹೊಟ್ಟಿ ಒಡ್ಯಾಕತ್ತದ’ ಎಂದು ಎದ್ದೇಬಿಟ್ಟಳು. ಯಾರೋ ಕಿಸಕ್ಕೆಂದರು. ಆಮೇಲೆ ಒಬ್ಬೊಬ್ಬರಾಗಿ ಅಲ್ಲ, ಎಲ್ಲರೂ ಒಮ್ಮೆಗೇ ಎದ್ದು ನಿಂತರು. ನಾನು ಬದುವಿನ ಮೇಲೆ ನಿಂತು ನೋಡಿದೆ. ಇಷ್ಟು ವರ್ಷ ಅವರ ಬೆನ್ನನ್ನಷ್ಟೇ ಕಂಡಿದ್ದ ಗದ್ದೆಯಲ್ಲಿ ಎಲ್ಲರ ಮುಖ ಕಾಣಿಸಿತು.

ಧಣಿ ಗಾಬರಿಯಾಗಿ ಕೊಡೆ ಬಿಟ್ಟು ಎದ್ದರು. ‘ಏನಾತವ್ವಾ? ಹಾವು ಬಂತೇನು?’

‘ಹಾವಿಲ್ರಿ ಧಣ್ಯಾರ. ಕಾಲ್ಮಡ್ಯಾಕ ಹೊಂಟೀವ್ರಿ.’

ಅವರ ಮುಖ ಕೆಂಪಾಯಿತು. ‘ಎಲ್ಲಾರೂ? ಒಬ್ಬೊಬ್ರು ಹೋದ್ರ ಆಗಂಗಿಲ್ಲೇನು?’

‘ಒಬ್ಬಾಕಿ ಹೋದ್ರ ಏರಿ ಮ್ಯಾಲಿನ ಗಂಡಸ್ರೆಲ್ಲಾ ನೋಡತಾರ. ಎಲ್ಲಾರೂ ಹೋದ್ರ ಅವರ ಮುಖಾ ತಿರುವತಾರ.’

ನಾಲ್ಕು ಮಂದಿ ಹಳೆಯ ಸೀರೆಯೊಂದನ್ನು ಅಡ್ಡ ಹಿಡಿದರು. ಏರಿಯ ಮೇಲೆ ಬೀಡಿ ಸೇದುತ್ತಿದ್ದವರು ನಿಜಕ್ಕೂ ಮುಖ ತಿರುಗಿಸಿದರು. ಧಣಿಗೆ ಮಾತ್ರ ತಾಳ್ಮೆ ತಪ್ಪಿತ್ತು. ‘ನಾಳಿಗಿ ನೀರು ಬಂದ್ ಆಗತದ. ನೀವು ಹಿಂಗ ಎದ್ದು ಕುಂತ್ರ ನನ್ನ ನಾಟಿ ಮುಗದಂಗ! ಬ್ಯಾರೆ ಗುಂಪು ಕರಸತೀನಿ’ ಎಂದರು.

‘ಕರಸ್ರಿ. ಅವರಿಗೂ ಉಚ್ಚಿ ಬರತದ್ರಿ.’

ಹೆಂಗಸರು ಸೆರಗು ಬಾಯಿಗೆ ಒತ್ತಿ ನಕ್ಕರು. ಅಕ್ಕ ನಗಲಿಲ್ಲ. ಗದ್ದೆಯಿಂದ ಬದುವಿಗೆ ಹತ್ತಿ ಧಣಿಯ ಎದುರು ನಿಂತು, ಕೆಸರು ಕೈಯಿಂದಲೇ ತನ್ನ ಬಲ ಬೆನ್ನು ಮುಟ್ಟಿ ತೋರಿಸಿದಳು. ‘ಇಲ್ಲಿ ನನ್ನ ಒಂದು ಗುರ್ದಾ ಪೆಟ್ಟ ತಿಂದದ್ರಿ. ನಿಮ್ಮ ಗದ್ದ್ಯಾಗ, ನಿಮ್ಮಂಥೋರ ಗದ್ದ್ಯಾಗ, ಸಾಲು ಬಿಡಲಾರದ ದುಡದು. ಅವು ದಿನಾ ಮನಿ ಹಸನ ಮಾಡಿ ಕಸಾ ಬಾಗಲಿಗಿ ತರತಾವ್ರಿ, ಬಾಗಲಾ ತೆಗೀಬೇಕಾದಾಕಿ ನಾನು. ಇನ್ನ ಮ್ಯಾಲ ತೆಗೀತೀನಿ. ನಾಟಿ ಮುಗಸೋ ಜಿಮ್ಮೇದಾರಿ ನಂದು. ನಂಬಿದ್ರ ನಂಬ್ರಿ, ಇಲ್ಲಂದ್ರ ನಾವು ಮನಿಗಿ ಹೋಗತೀವಿ.’

ಧಣಿ ಕೊಡೆ ಮಡಚಿ, ಚಪ್ಪಲಿ ಮೆಟ್ಟಿ ಊರ ದಾರಿ ಹಿಡಿದರು. ‘ಆತು, ಬ್ಯಾರೆ ಗುಂಪು ತರಾಕ ಹೋದ’ ಎಂದು ಹೆಂಗಸರು ಪಿಸುಗುಟ್ಟಿದರು. ಅಕ್ಕ ಕೊಡದ ನೀರನ್ನು ಒಬ್ಬೊಬ್ಬರಿಗೂ ತಾನೇ ಸುರಿದಳು. ‘ಕುಡೀರೇ. ಬರೋರ ಬರಲಿ’ ಎಂದು ಮತ್ತೆ ಗದ್ದೆಗಿಳಿದಳು. ನೀರು ಕುಡಿದ ಮೇಲೆ ಅವರ ಕೈ ಓಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬುತ್ತಿಯ ಹೊತ್ತಿಗೆ ಏರಿಯ ಮೇಲೆ ಒಂದು ಬಂಡಿ ಕಾಣಿಸಿತು. ಎಲ್ಲರ ಊಟ ಅರ್ಧಕ್ಕೇ ನಿಂತಿತು. ಬಂಡಿಯಲ್ಲಿ ಹೆಂಗಸರಿರಲಿಲ್ಲ. ಆಗತಾನೆ ಬಡಿದ ತೊಗರಿಯ ಕಟ್ಟಿಗೆ ಹೇರಿತ್ತು. ಧಣಿ ಯಾರ ಮುಖವನ್ನೂ ನೋಡದೆ, ಮೂಲೆಯ ಒಣ ದಿಬ್ಬದ ಮೇಲೆ ಆ ಕಟ್ಟಿಗೆಯಿಂದ ಸುತ್ತಲೂ ಎದೆಯೆತ್ತರದ ತಟ್ಟಿ ಕಟ್ಟಿದರು. ಹೋಗುವಾಗ ಅಕ್ಕನಿಗೆ ಕೇಳುವಷ್ಟೇ ಮೆಲ್ಲಗೆ, ‘ನಮ್ಮ ಮನ್ಯಾಕಿಗೂ ವರ್ಷಾ ವರ್ಷಾ ಆ ಜ್ವರ ಬರತದವ್ವಾ. ನಾಟಿ ಜ್ವರ ಅಂತ ಸುಮ್ಮನಿದ್ವಿ’ ಎಂದರು.

‘ಶಹಾಪುರಕ್ಕ ಕರಕೊಂಡು ಹೋಗ್ರಿ, ಸುಮ್ಮನಿರಬ್ಯಾಡ್ರಿ’ ಎಂದಳು ಅಕ್ಕ. ಆ ಸಂಜೆ ಹೊತ್ತು ಮುಳುಗುವ ಮೊದಲೇ ನಾಟಿ ಮುಗಿಯಿತು.

ಮುಂದಿನ ಮಳೆಗಾಲಕ್ಕೆ ಆ ದಿಬ್ಬದ ಸುತ್ತ ಅಕ್ಕ ಪುಂಡಿ ಬೀಜ ಚೆಲ್ಲಿದಳು. ಪುಂಡಿ ಆಳೆತ್ತರ ಬೆಳೆದು, ಹಸಿರು ಗೋಡೆಯಾಗಿ ನಿಂತಿತು. ‘ಈ ಪುಂಡಿ ಪಲ್ಯಾ ಮಾತ್ರ ಯಾರೂ ಮಾಡಬ್ಯಾಡ್ರೇ’ ಎಂದು ಅವಳೇ ತಮಾಷೆ ಮಾಡುತ್ತಿದ್ದಳು. ಅಕ್ಕಪಕ್ಕದ ಹೊಲಗಳಲ್ಲೂ ಅಂಥ ಪುಂಡಿಯ ಮರೆಗಳು ಎದ್ದವು. ಅಕ್ಕನ ಗುಂಪು ಬರುವುದೆಂದರೆ ಮೊದಲು ಮರೆ ಕಟ್ಟಬೇಕು ಎಂಬುದು ಊರಲ್ಲಿ ರೂಢಿಯಾಯಿತು. ನಾನೇನು ಕಮ್ಮಿ? ಶಾಲೆಯ ಹೆಡ್‌ಮಾಸ್ತರರ ಬೆನ್ನು ಹತ್ತಿ, ಜಗಳ ಕಾಯ್ದು, ಹೆಣ್ಣುಮಕ್ಕಳಿಗೆ ನಾಲ್ಕು ಗೋಡೆ ಎಬ್ಬಿಸಿದೆ. ಮೂತ್ರಪಿಂಡದ ಪಾಠವನ್ನು ನಿವೃತ್ತಿಯಾಗುವ ತನಕ ಮಾನೌಮಿಯಿಂದಲೇ ಶುರು ಮಾಡಿದೆ. ಒಬ್ಬ ವಿದ್ಯಾರ್ಥಿನಿಯೂ ಅದನ್ನು ಮರೆತದ್ದಿಲ್ಲ.

ಆದರೆ ನಾನು ಹೇಳಬೇಕೆಂದದ್ದು ಆ ನಾಟಿ ಮುಗಿದ ಮೇಲೆ ಶಹಾಪುರಕ್ಕೆ ಮರುಪರೀಕ್ಷೆಗೆ ಹೋದ ದಿನದ ಮಾತು. ಕಿಡ್ನಿ ಉಳಿದಿದೆಯೋ ಇಲ್ಲವೋ ಎಂದು ತಿಳಿಯುವುದು ಅವತ್ತು. ನನಗೆ ಬಸ್ಸಿನಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಅದೇ ದವಾಖಾನೆ, ಅದೇ ಬೆಂಚು, ಅದರ ತುಂಬ ಗಂಡಸರು. ಅಕ್ಕ ಶೀಶೆ ತೆಗೆದುಕೊಂಡು ಹೋಗಿ ಕ್ಷಣದಲ್ಲಿ ಬಂದಳು. ಶೀಶೆ ಕಂಠದ ತನಕ ತುಂಬಿತ್ತು. ತಿಳಿಯಾಗಿ, ತೆಳು ಹಳದಿ. ನಾನು ಗಡಬಡಿಸಿ ಪೇಪರಿನ ತುಂಡೊಂದನ್ನು ಮುಂದೆ ಹಿಡಿದು ‘ಮುಚ್ಚಕೋ’ ಎಂದೆ.

‘ಯಾಕ ಮುಚ್ಚಲಿ? ಇದನ್ನ ಮಾಡಾಕ ನನ್ನ ಗುರ್ದಾ ಎಷ್ಟ ದುಡದಾವ ನಿಂಗ ಗೊತ್ತದಲ್ಲ!’ ಎಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಶೀಶೆಯನ್ನು ಎದೆಯ ಮುಂದೆ ಹಿಡಿದು, ತಲೆ ಎತ್ತಿ, ಬೆಂಚಿನ ಮುಂದೆ ನಟ್ಟನಡುವೆ ನಡೆದು ಹೋದಳು. ಧಣಿಗಳಿಗೆ ‘ನೋಡೂಣ್ರಿ’ ಎನ್ನುವಾಗಿನ ಅದೇ ಠೀವಿ. ನನ್ನಕ್ಕ! ಎಂದು ಕೂಗಿ ಹೇಳಬೇಕೆನಿಸಿತು ನನಗೆ.

ಪರೀಕ್ಷೆ ಮುಗಿಸಿ ಡಾಕ್ಟರಮ್ಮ ಮೊದಲ ಸಲ ನಕ್ಕರು. ‘ಸೋಂಕು ಪೂರಾ ಹೋಗಿದೆ. ಎರಡೂ ಕಿಡ್ನಿ ಕೆಲಸ ಮಾಡ್ತಿವೆ. ಹೀಗೇ ನೋಡಿಕೋ’ ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಅಕ್ಕ ‘ಆಗ್ಲಿರಿ’ ಎಂದಷ್ಟೇ ಹೇಳಿ ಹೊರಗೆ ಬಂದಳು.

ಹೊರಗೆ ಬೆಂಚಿನ ತುದಿಯಲ್ಲಿ ಒಬ್ಬ ಹರೆಯದ ಹೆಂಗಸು ತಲೆ ತಗ್ಗಿಸಿ ಕೂತಿದ್ದಳು. ಕಾಲಿನ ಉಗುರುಗಳಲ್ಲಿ ಇನ್ನೂ ಗದ್ದೆಯ ಕೆಸರು. ಸೆರಗಿನೊಳಗೆ ಏನನ್ನೋ ಗಟ್ಟಿಯಾಗಿ ಹಿಡಿದಿದ್ದಳು. ಅಕ್ಕ ಅವಳ ಮುಂದೆ ನಿಂತು, ‘ಹೊರಗ ತಗಿಯವ್ವಾ, ಕಳವ ಮಾಡೀಯೇನು?’ ಎಂದಳು. ಆ ಹೆಂಗಸು ಅಕ್ಕನ ಮುಖ ನೋಡಿದಳು, ಎದುರು ಬೆಂಚಿನ ಗಂಡಸರನ್ನು ನೋಡಿದಳು. ಆಮೇಲೆ ಮೆಲ್ಲಗೆ ಶೀಶೆಯನ್ನು ಸೆರಗಿನಿಂದ ಹೊರಗೆ ತೆಗೆದು ಮಡಿಲ ಮೇಲೆ ಇಟ್ಟುಕೊಂಡಳು.